ಕಾಜಕ್ಕನ ಕತ್ತರಿ

ಕಾಜಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತೆಪ್ಪಗೆ ಕುಳಿತಿದೆ, ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಾಜ ಹಾಕಿದ್ದಕ್ಕೆ ಬಂದ ಹೆಸರೇ ಗಟ್ಟಿಯಾಗಿ ಅಂಟಿಕೊಂಡಿತು. ಕಾಜ ಎಂದರೆ ಗುಂಡಿ ತೂರುವ ಕಿಂಡಿ, ಅಷ್ಟೆ. ನಾವು ನೀವು ದಿನಾ ಬೆಳಗಾದರೆ ಅದರೊಳಗೆ ಗುಂಡಿ ತೂರಿಸುತ್ತೇವೆ, ಒಂದು ದಿನವೂ ಅದರ ಮುಖ ನೋಡಿದವರಲ್ಲ. ಅಗ್ಗದ ಶರ್ಟಿಗೆ ಮಷಿನ್ನು ಕಾಜ ಹಾಕುತ್ತದೆ. ದುಬಾರಿ ಶರ್ಟಿಗೆ ಕೈಯೇ ಆಗಬೇಕು, ಆ ಕಾರ್ಖಾನೆಯಲ್ಲಿ ಕೈ ಎಂದರೆ ಕಾಜಕ್ಕನ ಕೈ. ಅವಳು ಹಾಕಿದ ಕಾಜಗಳ ಮೇಲೆ ಅಳತೆಪಟ್ಟಿ ಇಟ್ಟ ಮೇಲ್ವಿಚಾರಕ ಕೊನೆಗೆ ಅಳತೆಪಟ್ಟಿಯ ಮೇಲೆಯೇ ಅನುಮಾನಪಟ್ಟನಂತೆ. ಇದನ್ನು ಕಾಜಕ್ಕನೇ ಹೇಳಿಕೊಂಡದ್ದು, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಕೆಲಸದಿಂದ ನಿವೃತ್ತಳಾಗಿ ಮನೆಯಲ್ಲಿ ಕುಳಿತದ್ದು ಒಂದೇ ತಿಂಗಳು. ಆ ಒಂದು ತಿಂಗಳಲ್ಲಿ ಮನೆಯ ಡಬ್ಬಗಳೆಲ್ಲ ಎತ್ತರದ ಪ್ರಕಾರ ಸಾಲುಗಟ್ಟಿದವು, ಮಗನ ಪ್ಯಾಂಟುಗಳ ಕಾಲಂಚುಗಳೆಲ್ಲ ನೆಟ್ಟಗಾದವು, ಗಂಡನ ಕನ್ನಡಕಕ್ಕೆ ದಿನಕ್ಕೊಂದು ಹೊಸ ಜಾಗ ಸಿಕ್ಕಿತು. ಗಂಡ ನಿವೃತ್ತ ಅಂಚೆಯವನು. ಊರಿನ ಎಲ್ಲರ ವಿಳಾಸವೂ ಬಾಯಲ್ಲೇ ಇದ್ದ ಆತ, ತನ್ನ ಮನೆಯಲ್ಲೇ ತನ್ನ ಕನ್ನಡಕದ ವಿಳಾಸ ಗೊತ್ತಿಲ್ಲದೆ ಅಲೆಯುವಂತಾಯಿತು.

ಸೊಸೆಯ ಕಸುಬು ಹೋಟೆಲಿನವರಿಗೆ ತಿಂಡಿಗಳ ಫೋಟೋ ತೆಗೆದುಕೊಡುವುದು. ಊಟದ ಮೇಜಿನ ಮೇಲೆ ಒಂದು ದಿನ ಅವಳು ಸಲಾಡಿನ ಬಟ್ಟಲು ಇಟ್ಟುಕೊಂಡು, ಅದರ ತುದಿಯಲ್ಲಿ ಒಂದು ಪುದೀನ ಕುಡಿಯನ್ನು ನೆಟ್ಟಗೆ ನಿಲ್ಲಿಸಲು ಹೆಣಗುತ್ತಿದ್ದಳು. ಒಂದು ಸಲ ಎಡಕ್ಕೆ ಬಿತ್ತು, ಒಂದು ಸಲ ಬಲಕ್ಕೆ. ಏಳನೆಯ ಸಲ ಬಟ್ಟಲಿನೊಳಗೇ ಮುಳುಗಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಾಜಕ್ಕನಿಗೆ ತಡೆಯಲಾಗಲಿಲ್ಲ. "ಸರಿ ಆ ಕಡೆ" ಎಂದು ಚಿಮಟ ಕಿತ್ತುಕೊಂಡಳು. ಉಸಿರು ಹಿಡಿದಳು, ಇಟ್ಟಳು, ಬಿಟ್ಟಳು. ಕುಡಿ ಅಲ್ಲೇ ಹುಟ್ಟಿ ಬೆಳೆದದ್ದರ ಹಾಗೆ ನಿಂತಿತು.

"ಅತ್ತೆ," ಎಂದಳು ಸೊಸೆ, "ನಾಳೆ ಒಂದು ಕಡೆ ಕೆಲಸ ಇದೆ. ಬರ್ತೀರಾ?"

ಹೀಗೆ ಕಾಜಕ್ಕನ ಎರಡನೆಯ ನೌಕರಿ ಶುರುವಾಯಿತು. ಪಕ್ಕದ ಮನೆಯವರು ಏನು ಕೆಲಸ ಎಂದು ಕೇಳಿದರೆ "ಸೊಪ್ಪು ನಿಲ್ಲಿಸೋದು" ಎನ್ನುತ್ತಿದ್ದಳು, ಗತ್ತಿನಿಂದಲೇ. ಎರಡು ವರ್ಷದಲ್ಲಿ ಸೊಪ್ಪಷ್ಟೇ ಅಲ್ಲ, ಎಳ್ಳು ಒಂದೊಂದಾಗಿ ಅಂಟಿಸುವುದು, ಅನ್ನದ ಅಗುಳು ತಿರುಗಿಸಿಡುವುದು, ಟೊಮ್ಯಾಟೊ ಮೇಲೆ ನೀರಿನ ಹನಿ ಕೂರಿಸುವುದು, ಎಲ್ಲವೂ ಅವಳ ಪಾಲಿಗೆ ಬಂದವು. ಅತ್ತೆ ಸೊಸೆ ಒಂದೇ ಸ್ಕೂಟರಿನಲ್ಲಿ ಕ್ಯಾಮೆರಾ ಚೀಲ, ಬೆಳಕು ತಿರುಗಿಸುವ ಥರ್ಮೋಕೋಲ್ ಹಲಗೆ ಹೊತ್ತು ಹೊರಟರೆ ಬೀದಿಯವರು ನಿಂತು ನೋಡುತ್ತಿದ್ದರು. ಅವರು ಜಗಳವಾಡದೆ ಹೋದದ್ದನ್ನು ಮಾತ್ರ ಯಾರೂ ಕಂಡದ್ದಿಲ್ಲ.

ಐದಾರು ತಿಂಗಳ ಹಿಂದೆ ಕೈ ನಡುಗತೊಡಗಿತು.

ಮೊದಲು ಚಿಮಟದ ತುದಿಯಲ್ಲಿ ಕೂದಲೆಳೆಯಷ್ಟು, ಆಮೇಲೆ ಅಂಗೈಯವರೆಗೆ. ನೂಲು ತರುತ್ತೇನೆಂದು ಸುಳ್ಳು ಹೇಳಿ ಕಾಜಕ್ಕ ಒಬ್ಬಳೇ ಡಾಕ್ಟರ ಹತ್ತಿರ ಹೋಗಿಬಂದಳು. "ದೊಡ್ಡ ಕಾಯಿಲೆ ಏನಲ್ಲಮ್ಮ. ಕೈಯನ್ನೇ ನೋಡ್ತಾ ಕೂತಷ್ಟೂ ಜಾಸ್ತಿ ಆಗುತ್ತೆ. ಗಮನ ಬೇರೆ ಕಡೆ ಇರಲಿ" ಎಂದರು ಅವರು. ಹೇಳುವುದು ಸುಲಭ. ಸಾಸಿವೆಯಷ್ಟು ಜಾಗದಲ್ಲಿ ಸೊಪ್ಪು ಇಡುವವಳು ಕೈ ನೋಡದೆ ಇನ್ನೇನು ನೋಡಬೇಕು, ಗೋಡೆಯನ್ನೇ?

ಅವಳ ಭಯ ಬರಿಯ ಕೈಯದಲ್ಲ. ಕಾರ್ಖಾನೆಯಲ್ಲಿ ಅವಳ ಪಕ್ಕದ ಕುರ್ಚಿಯವಳಿಗೆ ಹೀಗೇ ಆಗಿತ್ತು. ಪಾಪ, ಅವಳನ್ನು ಮೊದಲು ನೂಲು ಕತ್ತರಿಸುವ ಕಡೆಗೆ ಹಾಕಿದರು, ಆಮೇಲೆ ಗೇಟಿನ ಹತ್ತಿರ ಕೂರಿಸಿದರು, ಆಮೇಲೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಎಲ್ಲರೂ ಬಹಳ ಮರ್ಯಾದೆಯಿಂದಲೇ ನಡೆದುಕೊಂಡಿದ್ದರು, ಅದೇ ಕಾಜಕ್ಕನಿಗೆ ಮರೆಯಲಾಗದ್ದು. ಸೊಸೆಯೂ ಮರ್ಯಾದೆಯಿಂದಲೇ "ನೀವು ಆರಾಮಾಗಿ ಮನೇಲಿರಿ ಅತ್ತೆ" ಎಂದುಬಿಟ್ಟರೆ? ಆ ಮೇಜು, ಆ ಬೆಳಕು, ಸ್ಕೂಟರಿನ ಹಿಂದಿನ ಸೀಟು, ಎಲ್ಲ ಹೋದ ಹಾಗೆಯೇ. ಅದಕ್ಕೇ ಅವಳು ಸೊಪ್ಪು ಇಡುವಾಗ ಸೊಸೆಗೆ ಬೆನ್ನು ಮಾಡಿ ನಿಲ್ಲುವುದನ್ನು ಕಲಿತಳು.

ಒಂದು ಉಪಾಯ ತಾನಾಗಿಯೇ ಸಿಕ್ಕಿತು. ಕಾಜಕ್ಕನ ಹತ್ತಿರ ಬಟ್ಟೆ ಕತ್ತರಿಸುವ ಒಂದು ಕತ್ತರಿಯಿತ್ತು, ಕಾರ್ಖಾನೆಯ ಮೂವತ್ತೊಂದು ವರ್ಷವೂ ಜೊತೆಗಿದ್ದದ್ದು, ಹೆಬ್ಬೆರಳಿನ ಹಿಡಿಗೆ ಕೆಂಪು ನೂಲು ಸುತ್ತಿದ್ದು. ಮೇಜಿಗೆ ಹಾಸುವ ಬಟ್ಟೆಗಳನ್ನು ಹದಮಾಡಲು ಅದನ್ನು ಜೊತೆಗೊಯ್ಯುತ್ತಿದ್ದಳು. ಒಂದು ದಿನ ಸೊಸೆ ಅವಸರದಲ್ಲಿ ಅದರಲ್ಲೇ ಅಂಟು ಟೇಪು ಕತ್ತರಿಸಿಬಿಟ್ಟಳು! ಬಟ್ಟೆಯ ಕತ್ತರಿಗೆ ಕಾಗದ ತಾಗಿಸಿದರೇ ಹೊಲಿಗೆಯವರ ಜೀವ ಹೋಗುತ್ತದೆ, ಇನ್ನು ಟೇಪು ಎಂದರೆ ಕೇಳಬೇಕೆ? ಕಾಜಕ್ಕನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈಯುತ್ತಲೇ ಕೈಯಲ್ಲಿದ್ದ ಕೊತ್ತಂಬರಿ ಎಲೆ ಇಟ್ಟಳು. ಇಟ್ಟಮೇಲೆ ನೋಡಿದರೆ, ಎಳ್ಳಷ್ಟೂ ನಡುಕವಿಲ್ಲ. ಬೈಯುವಾಗ ಕೈ ಕಲ್ಲಿನಂತೆ ನಿಲ್ಲುತ್ತದೆ!

ಅಂದಿನಿಂದ ಕಾಜಕ್ಕ ಬೈಯುತ್ತಾ ಕೆಲಸ ಮಾಡತೊಡಗಿದಳು. ಅದೃಷ್ಟವೆಂದರೆ ಕಾರಣಕ್ಕೆ ಬರವಿರಲಿಲ್ಲ. ಸೊಸೆ ದಿನದಿಂದ ದಿನಕ್ಕೆ ದಡ್ಡಿಯಾಗುತ್ತಿದ್ದಳು. ಕಾಫಿಗೆ ಉಪ್ಪು ಹಾಕಿಟ್ಟಳು. ಒದ್ದೆ ಬಟ್ಟೆಯನ್ನು ಒಣ ಬಟ್ಟೆಗಳ ಜೊತೆ ತುರುಕಿದಳು. "ಹೇಗೂ ಈಗ ರೆಡಿಮೇಡ್ ಶರ್ಟೇ ಚೆನ್ನಾಗಿರುತ್ತೆ ಅಲ್ವಾ ಅತ್ತೆ" ಎಂದಳು, ಅದೂ ಯಾರೆದುರಿಗೆ! ಕತ್ತರಿಯಲ್ಲಿ ಟೇಪು ಕತ್ತರಿಸುವುದಂತೂ ವಾರಕ್ಕೊಂದು ಸಲ ಆಯಿತು. ಆದರೆ ಪ್ರತಿ ಸಲವೂ "ನಾನೇ ಒರೆಸಿಡ್ತೀನಿ ಅತ್ತೆ" ಎಂದು ತಾನೇ ಎತ್ತಿಡುತ್ತಿದ್ದಳು. ಒರೆಸುವುದನ್ನು ಮಾತ್ರ ಚೆನ್ನಾಗಿ ಒರೆಸುತ್ತಾಳೆ ಎಂದು ಕಾಜಕ್ಕ ಮನಸ್ಸಿನಲ್ಲೇ ಒಪ್ಪಿಕೊಂಡಿದ್ದಳು.

ಸಂಜೆ ಮನೆಗೆ ಬಂದರೆ ಗಂಡ ಕಾದು ಕುಳಿತಿರುತ್ತಿದ್ದ. ಫೋಟೋ ತೆಗೆದು ಉಳಿದ ತಣ್ಣನೆಯ ತಿಂಡಿ ತಟ್ಟೆಗೆ ಹಾಕಿಕೊಂಡು, "ಉಪ್ಪು ಕಡಿಮೆ. ಇವತ್ತು ಸೊಸೆ ಏನು ಎಡವಟ್ಟು ಮಾಡಿದ್ಲು?" ಎಂದು ಕೇಳುತ್ತಿದ್ದ, ಕಣ್ಣರಳಿಸಿ. ಗಂಡಸಿಗೆ ಈ ವಯಸ್ಸಿನಲ್ಲಿ ಇಷ್ಟು ಚಾಡಿ ಕೇಳುವ ಚಪಲವೇ ಎಂದು ಕಾಜಕ್ಕ ಮೂಗು ಮುರಿಯುತ್ತಿದ್ದಳು, ಆದರೂ ಹೇಳುತ್ತಿದ್ದಳು.

ಈಗ ಆ ದೊಡ್ಡ ಕೆಲಸದ ದಿನಕ್ಕೆ ಬರೋಣ. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಮಹಡಿಯಲ್ಲಿ, ಹೊಸದಾಗಿ ಬಣ್ಣ ಬಳಿದ ಹೋಟೆಲು. ಇಪ್ಪತ್ತೆರಡು ಮೆಟ್ಟಿಲು. ಕಾಜಕ್ಕ ಎಣಿಸಿದ್ದಳು, ಏಕೆಂದರೆ ಥರ್ಮೋಕೋಲ್ ಹಲಗೆ ಪ್ರತಿ ಮೆಟ್ಟಿಲಿಗೂ ಅವಳ ಮೊಣಕಾಲಿಗೆ ಬಡಿಯಿತು. ಮೆನು ಪುಸ್ತಕಕ್ಕೆ ಎಂಟು ತಿಂಡಿಗಳ ಫೋಟೋ ಆಗಬೇಕು. ಹಿಡಿಸಿದರೆ ಯಜಮಾನನ ಉಳಿದ ಮೂರು ಹೋಟೆಲುಗಳ ಕೆಲಸವೂ ಇವರಿಗೇ. ಹನ್ನೆರಡಕ್ಕೆ ಗಿರಾಕಿಗಳು ಬರುತ್ತಾರೆ, ಅಷ್ಟರಲ್ಲಿ ಮುಗಿಸಬೇಕು.

ಸೊಸೆ ಪೂರ್ವದ ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದಳು, ಅಂಚು ಹೊಲಿದದ್ದು ಕಾಜಕ್ಕನೇ. ಮೇಜಿನ ನೆತ್ತಿಯ ಮೇಲೆ ಕಬ್ಬಿಣದ ತೋಳಿಗೆ ಕ್ಯಾಮೆರಾ ಸಿಕ್ಕಿಸಿದಳು, ಅದರಿಂದ ಒಂದು ತಂತಿ ಮೂಲೆಯಲ್ಲಿದ್ದ ಲ್ಯಾಪ್‌ಟಾಪಿಗೆ ಹೋಯಿತು. ಆ ಪರದೆಯನ್ನು ನೋಡುವುದು ಸೊಸೆಯ ಕೆಲಸ, ತಟ್ಟೆಯನ್ನು ನೋಡುವುದು ಅತ್ತೆಯ ಕೆಲಸ. ಇದರಲ್ಲಿ ಅವರು ಒಬ್ಬರ ಗಡಿ ಒಬ್ಬರು ದಾಟಿದವರಲ್ಲ.

ಆರು ತಿಂಡಿಗಳು ಸರಾಗವಾಗಿ ಆದವು. ಸೊಸೆ ಅಂದು ಅಂಗಿಯ ಗುಂಡಿಯನ್ನೇ ತಪ್ಪು ಕಾಜಕ್ಕೆ ಹಾಕಿಕೊಂಡು ಬಂದಿದ್ದಳು, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಅದೊಂದೇ ಕಾಜಕ್ಕನಿಗೆ ಒಂದು ಗಂಟೆಯ ಬೈಗುಳಕ್ಕೆ ಸಾಕಾಯಿತು. ಅಣಬೆ, ಮೀನು, ಬೇಯಿಸಿದ ಆಲೂಗಡ್ಡೆ ಎಲ್ಲದರ ಮೇಲೂ ಸೊಪ್ಪು ನಿಂತಿತು.

ಆಗ ಯಜಮಾನ ಬಂದ. ಕೈಯಲ್ಲಿ ಫೋನು, ಫೋನಿಗೆ ಒಂದು ಮೈಕು, ಮೈಕಿಗೆ ಬೆಕ್ಕಿನ ಬಾಲದಂಥ ತುಪ್ಪಳ.

"ಅಮ್ಮ, ಮುಂದಿನದ್ದನ್ನ ನಾನು ವಿಡಿಯೋ ಮಾಡ್ಕೋತೀನಿ. ಜನಕ್ಕೆ ಈಗ ಸದ್ದು ಬೇಕು. ಸುರಿಯೋ ಸದ್ದು, ಚಮಚದ ಸದ್ದು. ಅದಕ್ಕೆ ದಯವಿಟ್ಟು ಯಾರೂ ಮಾತಾಡಬೇಡಿ, ಆಯ್ತಾ? ಉಸಿರೂ ಮೆಲ್ಲಗೆ."

ಕಾಜಕ್ಕ ಸೊಸೆಯ ತಪ್ಪು ಗುಂಡಿಯನ್ನು ಒಮ್ಮೆ ನೋಡಿ, ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡಳು.

ಮುಂದಿನದು ಸಿಹಿಗುಂಬಳದ ಸೂಪು. ಕಪ್ಪು ಬಟ್ಟಲು, ಹಳದಿ ಸೂಪು, ಅದರ ಮೇಲೆ ಮೂತಿಯ ಸೀಸೆಯಿಂದ ಕೆನೆಯ ಒಂದು ಸಣ್ಣ ಗೆರೆ, ನಡುವಿನಿಂದ ಶುರುವಾಗಿ ಸುತ್ತಿ ಸುತ್ತಿ ಅಂಚಿಗೆ ಬರಬೇಕು. ಒಮ್ಮೆ ಎಳೆದರೆ ಮುಗಿಯಿತು, ಅಳಿಸಿ ತಿದ್ದುವಂತಿಲ್ಲ. ಬೆಳಕು ಹೊಂದಿಸಲು ಇಟ್ಟ ಡಮ್ಮಿ ಬಟ್ಟಲಿನ ಸೂಪು ಆಗಲೇ ಆರಿ ಪೊರೆಗಟ್ಟಿತ್ತು. ಅಡುಗೆಯವರು ತಂದಿಟ್ಟದ್ದೇ ಕೊನೆಯ ಬಟ್ಟಲು. "ಇನ್ನು ಬೇಕಂದ್ರೆ ಒಂದು ಗಂಟೆ ಆಗುತ್ತಮ್ಮ" ಎಂದು ಅವರು ಕೈ ಒರೆಸಿಕೊಂಡು ನಿಂತರು.

ಕಾಜಕ್ಕ ಸೀಸೆ ಎತ್ತಿದಳು. ಕೋಣೆ ನಿಶ್ಶಬ್ದ. ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲಿನ ಗಂಟೆ ಬಾರಿಸಿ ನೋಡಿದರು. ಸೀಸೆಯ ಮೂತಿ ಬಟ್ಟಲಿನ ಮೇಲೆ ಬಂತು, ಬಂದದ್ದೇ ನಡುಗತೊಡಗಿತು. ಉಸಿರು ಹಿಡಿದಳು. ನಡುಕ ಹೆಚ್ಚಾಯಿತು. ಬಾಯಿಗೆ ಬೀಗ ಹಾಕಿದ ಮೇಲೆ ಮನಸ್ಸೆಲ್ಲ ಹೋಗಿ ಕೈಯ ಮೇಲೇ ಕುಳಿತಿತ್ತು. ಒಳಗೊಳಗೇ ಬೈದುಕೊಂಡು ನೋಡಿದಳು, ಸದ್ದಿಲ್ಲದ ಬೈಗುಳಕ್ಕೆ ಬಲವೇ ಇರಲಿಲ್ಲ. ಮುಗಿಯಿತು ನನ್ನ ಕಥೆ, ಇನ್ನು ನನಗೂ ಒಂದು ಗೋಡೆ ಗಡಿಯಾರ, ಎಂದುಕೊಂಡಳು. ಕಣ್ಣು ಮಂಜಾಯಿತು.

ಆಗ ಅವಳ ಬಲಕ್ಕೆ, ಎರಡು ಮೊಳ ದೂರದಲ್ಲಿ, ಸದ್ದು ಕೇಳಿತು. ಕರ್... ಕರ್ರ್... ಕರ್ರ್ರ್.

ಕಾಜಕ್ಕ ಓರೆಗಣ್ಣಿನಲ್ಲಿ ನೋಡಿದಳು. ಸೊಸೆ ಲ್ಯಾಪ್‌ಟಾಪು ಬಿಟ್ಟು ಬಂದು, ಕೆಂಪು ನೂಲು ಸುತ್ತಿದ ಕತ್ತರಿ ಹಿಡಿದು, ದಪ್ಪ ರಟ್ಟನ್ನು ಕತ್ತರಿಸುತ್ತಿದ್ದಳು. ಟೇಪಲ್ಲ, ರಟ್ಟು! ಅದೂ ನಿಧಾನವಾಗಿ, ಆಸೆಪಟ್ಟು.

"ಏಯ್!" ಎಂದಳು ಕಾಜಕ್ಕ. ಯಜಮಾನನ ಮೈಕಿನ ತುಪ್ಪಳ ನಿಮಿರಿರಬೇಕು. "ಏನೇ ಮಾಡ್ತಿದ್ದೀಯ? ಅದು ಬಟ್ಟೆ ಕತ್ತರಿ ಕಣೇ, ಬಟ್ಟೇದು! ಎಷ್ಟು ಸಲ ಬಡ್ಕೊಳ್ಳಲಿ? ಮೂವತ್ತೊಂದು ವರ್ಷ ಅದಕ್ಕೆ ಕಾಗದದ ಗಾಳಿ ಸೋಕಿಸಿಲ್ಲ ನಾನು. ನೀನು ರಟ್ಟು ಕತ್ತರಿಸ್ತೀಯಾ? ನಿನ್ನ ಕ್ಯಾಮೆರಾ ಗಾಜಿನ ಮೇಲೆ ನಾನು ಈರುಳ್ಳಿ ಹೆಚ್ಚಲಾ? ಹೇಳು, ಹೆಚ್ಚಲಾ?"

"ಅಮ್ಮ, ಸದ್ದು..." ಎಂದ ಯಜಮಾನ.

"ನೀವು ಸುಮ್ನಿರಿ! ನಿಮ್ಮ ಕಾಲರ್ ನೋಡ್ಕೊಂಡಿದ್ದೀರಾ? ಒಂದು ಕಿವಿ ಉದ್ದ, ಒಂದು ಕಿವಿ ಗಿಡ್ಡ. ಯಾರು ಹೊಲಿದರು ಅದನ್ನ, ಕಣ್ಣು ಮುಚ್ಚಿಕೊಂಡು ಹೊಲಿದರಾ? ಇಂಥ ಕಾಲರ್ ಹಾಕ್ಕೊಂಡು ನನಗೆ ಮಾತಾಡಬೇಡಿ ಅಂತೀರಾ?"

ಅಷ್ಟರಲ್ಲಿ ಕೆನೆಯ ಗೆರೆ ಅಂಚಿಗೆ ಬಂದು ಮುಟ್ಟಿತ್ತು. ಆರು ಸುತ್ತು, ಎಲ್ಲೂ ದಪ್ಪವಿಲ್ಲ, ಎಲ್ಲೂ ತೆಳುವಿಲ್ಲ. ಸೊಸೆ ಓಡಿಹೋಗಿ ಕ್ಯಾಮೆರಾದ ಗುಂಡಿ ಒತ್ತಿದಳು. ಅಡುಗೆಯವರು ಬಗ್ಗಿ ನೋಡಿ, "ಇದನ್ನ ಹೇಗಮ್ಮ ತಿನ್ನೋಕೆ ಕೊಡ್ಲಿ, ಚಮಚ ಹಾಕೋಕೇ ಮನಸ್ಸು ಬರಲ್ಲ" ಎಂದರು. ಯಜಮಾನ ತನ್ನ ಕಾಲರ್ ಮುಟ್ಟಿ ಮುಟ್ಟಿ ನೋಡಿಕೊಂಡ. ಆಮೇಲೆ ಸೊಸೆಯನ್ನು ಪಕ್ಕಕ್ಕೆ ಕರೆದು, ಈ ಮಾತುಗಳನ್ನು ವಿಡಿಯೋದಲ್ಲಿ ಹಾಗೇ ಇಟ್ಟುಕೊಳ್ಳಬಹುದೇ ಎಂದು ಪಿಸುಗುಟ್ಟಿದ, ಕಾಲರ್ ವಿಷಯ ಒಂದನ್ನು ಬಿಟ್ಟು.

ಸೊಸೆ ಅವನ ಜೊತೆ ಮಾತಿಗೆ ನಿಂತದ್ದರಿಂದ ಕತ್ತರಿ ಮೇಜಿನ ಮೇಲೇ ಉಳಿಯಿತು. ಕಾಜಕ್ಕ ಸೆರಗಿನಿಂದ ಅದರ ಅಲಗು ಒರೆಸಲು ಎತ್ತಿಕೊಂಡಳು. ಹೆಬ್ಬೆರಳು ಹಿಡಿಯೊಳಗೆ ಹೋಯಿತು, ಹೋಗಿ ನಿಂತಿತು. ನೂಲಿನ ಮೇಲೆ ಏನೋ ಒತ್ತುತ್ತಿತ್ತು.

ಗಂಟು. ಕಡಲೆಕಾಯಿ ಬೀಜದಷ್ಟು ದಪ್ಪನೆಯದು. ಕಾಜಕ್ಕ ನೂಲಿನ ತುದಿಯನ್ನು ಕಾಜದ ಹಾಗೆ ಒಳಗೇ ಹೊಲಿದು ಮುಗಿಸುವವಳು, ಗಂಟು ಎಂಬುದು ಅವಳ ಕೈಯಿಂದ ಹುಟ್ಟಿದ್ದೇ ಇಲ್ಲ. ಚೀಲ ತೆರೆದಳು. ತಳದಲ್ಲಿ ಫ್ಲಾನೆಲ್ ಚೀಲದೊಳಗೆ ಅವಳ ಕತ್ತರಿ ಎಣ್ಣೆ ಸವರಿಸಿಕೊಂಡು ಹಾಯಾಗಿ ಮಲಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟಳು. ಅದೇ ಅಳತೆ, ಅದೇ ಬಣ್ಣದ ನೂಲು.

ಸೊಸೆ ತಿರುಗಿ ನೋಡಿದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು.

"ಎಷ್ಟು ದಿನದಿಂದ?" ಎಂದಳು ಕಾಜಕ್ಕ.

"ನಾಲ್ಕು ತಿಂಗಳು. ಮೊದಲನೇ ಸಲ ಮಾತ್ರ ನಿಜವಾಗ್ಲೂ ತಪ್ಪಾಗಿತ್ತು ಅತ್ತೆ. ಆಮೇಲಿಂದೆಲ್ಲ ಇದೇ ಕತ್ತರಿ."

"ಗುಂಡಿ?"

"ಸ್ಕೂಟರ್ ಹತ್ತೋ ಮುಂಚೆ ಬಿಚ್ಚಿ ತಪ್ಪಾಗಿ ಹಾಕ್ಕೊಂಡೆ."

"ಕಾಫಿಗೆ ಉಪ್ಪು? ರೆಡಿಮೇಡ್ ಶರ್ಟು?"

"ಅದು ಹೇಳೋವಾಗ ನನಗೇ ನಾಲಿಗೆ ಹೊರಳಲಿಲ್ಲ."

ಕಾಜಕ್ಕ ಕುರ್ಚಿ ಎಳೆದು ಕುಳಿತಳು. "ನಾನು ಯಾರಿಗೂ ಕಾಣಬಾರದು ಅಂತ ಬೆನ್ನು ಮಾಡೇ ನಿಲ್ತಿದ್ದೆನಲ್ಲ."

ಸೊಸೆ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು. ಪರದೆಯ ತುಂಬಾ ಸೂಪಿನ ಬಟ್ಟಲು, ಮೊರದಷ್ಟು ದೊಡ್ಡದಾಗಿ. ಕಾಜಕ್ಕ ಬಟ್ಟಲಿನ ಮೇಲೆ ಕೈ ಚಾಚಿದಳು. ಪರದೆಯಲ್ಲೂ ಒಂದು ಕೈ ಬಂತು, ಸೂಜಿ ಚುಚ್ಚಿದ ಹಳೆಯ ಕಲೆ, ಉಗುರಿನ ಗೀರು ಸಮೇತ. ಅದು ನಡುಗುತ್ತಿತ್ತು. ನೆತ್ತಿಯ ಮೇಲಿನ ಕ್ಯಾಮೆರಾ ಎರಡು ವರ್ಷದಿಂದ ಅವಳ ಕೈಯನ್ನೇ ನೋಡುತ್ತಾ ಕುಳಿತಿತ್ತು. ಊರಿಗೆಲ್ಲ ಬೆನ್ನು ಮಾಡಿದ್ದ ಕಾಜಕ್ಕ ಅದಕ್ಕೊಂದಕ್ಕೆ ಮುಖ ಕೊಟ್ಟು ನಿಂತಿದ್ದಳು.

"ಬೈಯೋವಾಗ ನಿಂತುಬಿಡುತ್ತೆ ಅಂತ ಇಲ್ಲೇ ನೋಡಿದೆ," ಎಂದಳು ಸೊಸೆ. "ಕೇಳಿಬಿಡೋಣ ಅನ್ನಿಸ್ತು. ಕೇಳಿದ್ರೆ ಮಾರನೇ ದಿನದಿಂದ ನೀವು ಬರ್ತಿರಲಿಲ್ಲ. ನೀವಿಲ್ಲದೆ ನನಗೆ ಒಂದು ಸೊಪ್ಪೂ ನಿಲ್ಲಲ್ಲ ಅತ್ತೆ."

ಕಾಜಕ್ಕನಿಗೆ ನಾಚಿಕೆಯಾಯಿತು, ಹಿಂದೆಯೇ ಎದೆ ಹಗುರವಾಯಿತು. ನಾಲ್ಕು ತಿಂಗಳು ಈ ಹುಡುಗಿ ತನ್ನ ಕೈಯಲ್ಲಿ ದಡ್ಡಿ, ಮಂಕು ಎಂದು ಬೈಸಿಕೊಂಡಿದ್ದಾಳೆ, ಒಂದು ದಿನವೂ ಎದುರುತ್ತರ ಕೊಟ್ಟಿಲ್ಲ. ಸೊಸೆಯ ಮೇಲೆ ಅಷ್ಟು ಪ್ರೀತಿ ಅವಳಿಗೆ ಎಂದೂ ಬಂದಿರಲಿಲ್ಲ. ಅವಳ ಅಂಗಿಯನ್ನು ಹತ್ತಿರ ಎಳೆದು, ಗುಂಡಿಗಳನ್ನೆಲ್ಲ ಬಿಚ್ಚಿ ಸರಿಯಾಗಿ ಹಾಕಿದಳು.

ಆದರೆ ಹನ್ನೊಂದು ಮುಕ್ಕಾಲಾಗಿತ್ತು, ಕೊನೆಯ ತಿಂಡಿ ಬಂದಾಗಿತ್ತು. ಮೆನು ಪುಸ್ತಕದ ಮುಖಪುಟದ ಮೇಲೆ ಬರಬೇಕಾದದ್ದು, ಚಾಕೊಲೇಟ್ ಕೇಕಿನ ಒಂದು ತುಂಡು, ಅದರ ನೆತ್ತಿಯ ಮೇಲೆ ನೆಟ್ಟಗೆ ಎರಡು ಪುದೀನ ಕುಡಿ. ಕಾಜಕ್ಕ ಚಿಮಟ ಎತ್ತಿದಳು. ಕೈ ಹಿಂದೆಂದೂ ಇಲ್ಲದಷ್ಟು ನಡುಗಿತು.

"ಬೈಯಿರಿ ಅತ್ತೆ."

"ಏನಂತ ಬೈಯಲಿ? ಎಲ್ಲ ನಾಟಕ ಅಂತ ಗೊತ್ತಾಯ್ತಲ್ಲ, ಇನ್ನೆಲ್ಲಿಂದ ಸಿಟ್ಟು ಬರುತ್ತೆ?"

ಸೊಸೆ ಸುಳ್ಳು ಕತ್ತರಿ ಹಿಡಿದು ಟೇಪು ಕತ್ತರಿಸಿದಳು. ಕಾಜಕ್ಕನಿಗೆ ನಗು ಬಂತು. ಅಡುಗೆಯವರು ತಮ್ಮ ಅಂಗಿಯ ಒಂದು ಗುಂಡಿ ಕಿತ್ತುಹೋದದ್ದನ್ನು ತೋರಿಸಿದರು. "ಅಯ್ಯೋ ಪಾಪ, ಆಮೇಲೆ ಕೊಡಿ ಹಾಕ್ಕೊಡ್ತೀನಿ" ಎಂದಳು. ಯಜಮಾನ ಧೈರ್ಯ ಮಾಡಿ, "ಸೂಪಿನ ಫೋಟೋ ಅಷ್ಟೇನೂ ಚೆನ್ನಾಗಿಲ್ಲಮ್ಮ" ಎಂದ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಯಜಮಾನನೂ. ನಗುವಾಗ ಕೈ ಇನ್ನೂ ಕುಣಿಯಿತು. ಕಿಟಕಿಯ ಕೆಳಗೆ ಮೊದಲ ಗಿರಾಕಿಯ ಕಾರು ನಿಂತ ಸದ್ದಾಯಿತು.

"ಹೋಗ್ಲಿ ಬಿಡಿ ಅತ್ತೆ," ಎಂದಳು ಸೊಸೆ ಕಣ್ಣೊರೆಸಿಕೊಳ್ಳುತ್ತಾ. "ಮಾವ ಅವತ್ತೇ ಹೇಳಿದ್ರು, ಒಂದಲ್ಲ ಒಂದು ದಿನ ನಾವು ಸಿಕ್ಕಿಬೀಳ್ತೀವಿ ಅಂತ."

ಕಾಜಕ್ಕನ ನಗು ನಿಂತಿತು. "ನಾವು ಅಂದ್ರೆ?"

"ಅಂದ್ರೆ... ಕತ್ತರಿ ಅಂಗಡಿ ಅಂಗಡಿ ಅಲೆದು ತಂದಿದ್ದು ಮಾವನೇ. ನೂಲು ಸುತ್ತಿದ್ದೂ ಅವರೇ."

ಕಾಜಕ್ಕ ಗಂಟಿನ ಮೇಲೆ ಬೆರಳಿಟ್ಟಳು. ಹೌದಲ್ಲ! ಎರಡು ಸುತ್ತು, ಅಡ್ಡ ಒಂದು ಎಳೆತ. ಕಾಗದದ ಕಟ್ಟು ಕಟ್ಟುವ ಅಂಚೆಯವನ ಗಂಟು. ಕನ್ನಡಕವಿಲ್ಲದೆ ಬಾಗಿಲಿನ ಬೀಗ ಕಾಣದ ಮನುಷ್ಯ ಕುಳಿತು, ಅವಳ ಕಣ್ಣು ತಪ್ಪಿಸಿ, ಕತ್ತರಿಯ ಹಿಡಿಗೆ ನೂಲು ಸುತ್ತಿದ್ದಾನೆ.

"ಆ ಮನುಷ್ಯನಿಗೆ ಗೊತ್ತಿತ್ತಾ? ದಿನಾ ಸಾಯಂಕಾಲ ನನ್ನೆದುರು ಕೂತು ಸೊಸೆ ಏನು ಎಡವಟ್ಟು ಮಾಡಿದ್ಲು ಅಂತ ಕೇಳೋದು, ತಾವೇ ಹೇಳಿಕೊಟ್ಟು ಕಳಿಸಿದ್ದನ್ನ?" ಕಾಜಕ್ಕನ ದನಿ ಮೇಲೇರಿತು. "ಇರ್ಲಿ, ಇವತ್ತು ಮನೆಗೆ ಹೋಗ್ತೀನಲ್ಲ! ನಲವತ್ತು ವರ್ಷದಿಂದ ಒಂದು ಗುಟ್ಟು ಇಟ್ಕೊಳ್ಳೋಕೆ ಬರದೆ ಇದ್ದೋರು ನಾಲ್ಕು ತಿಂಗಳು ಇಟ್ಕೊಂಡಿದ್ದಾರೆ! ಉಪ್ಪು ಕಡಿಮೆ ಅಂತೆ! ಇನ್ನೊಂದು ಸಲ ಅನ್ನಲಿ ನೋಡ್ತೀನಿ. ಮತ್ತೆ ಇದೇನು ಗಂಟು, ಇದು ಗಂಟಾ? ಕತ್ತರಿಗೆ ಹೀಗೆ ಯಾರಾದ್ರೂ ಸುತ್ತುತ್ತಾರಾ? ನನ್ನನ್ನ ಕೇಳಿದ್ರೆ ನಾನು ಸುತ್ತಿಕೊಡ್ತಿರಲಿಲ್ವಾ?"

ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ನಿಂತಿರಲಿಲ್ಲ. ಪರದೆಯ ಮೇಲೆ ಮೊರದಷ್ಟು ದೊಡ್ಡ ಕೇಕಿನ ನೆತ್ತಿಗೆ ಚಿಮಟ ಇಳಿಯಿತು, ಇಟ್ಟಿತು, ಬಿಟ್ಟಿತು. ಪುದೀನ ಕುಡಿ ನೆಟ್ಟಗೆ ನಿಂತಿತು.

ಸೊಸೆ ಕ್ಯಾಮೆರಾದ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಮೆಲ್ಲಗೆ, "ಬೈತಾನೇ ಇರಿ ಅತ್ತೆ," ಎಂದಳು. "ಇನ್ನೂ ಒಂದು ಕುಡಿ ಇದೆ."